ಐದನೇ ಯಾಕೆ

ಇಂಜಿನ್ ಹೆಡ್ಡಿನ ಪಕ್ಕಕ್ಕಿದ್ದ ಕಬ್ಬಿಣದ ಪ್ಲಗ್ಗಿನ ಮೇಲೆ ಪಾನಾ ಮೂರನೇ ಸಲ ಜಾರಿದಾಗ ಮೆಕ್ಯಾನಿಕ್ ತಿಮ್ಮರಾಯಪ್ಪ ಬೆರಳಿನ ಗೆಣ್ಣು ಚೀಪಿಕೊಂಡು ತಲೆ ಎತ್ತಿದ. ತಮಿಳುನಾಡಿನ ಸೂಳಗಿರಿಯ ಹೈವೇ ಪಕ್ಕದ ಆ ಶೆಡ್ಡಿನಲ್ಲಿ ವ್ಯಾನಿನ ಹಳೇ ಇಂಜಿನ್ ಇಳಿಸಿ, ಕೃಷ್ಣಗಿರಿಯ ಗುಜರಿಯಿಂದ ತಂದ ಇಂಜಿನ್ ಕೂರಿಸಿ ಆಗಿತ್ತು. ಉಳಿದಿದ್ದು ಹೀಟ್ ಮೀಟರ್ ಒಂದೇ. ಅದರ ಸೆನ್ಸರ್ ಹಾಕಬೇಕಾದ ತೂತಿಗೆ ಹಿಂದೆ ಯಾರೋ ಪುಣ್ಯಾತ್ಮರು ಈ ಪ್ಲಗ್ ಬಿಗಿದಿದ್ದರು. ಅದೀಗ ತುಕ್ಕು ಹಿಡಿದು, ಹೆಡ್ಡಿನ ಜೊತೆಗೇ ಹುಟ್ಟಿದ್ದರ ಹಾಗೆ ಕೂತಿತ್ತು.

“ಮೀಟರ್ ಇಲ್ದಿದ್ರೆ ಏನ್ಲಾ ವೆಂಕಟೇಸ, ಇಂಜಿನ್ ಬಿಸಿ ಆದ್ರೆ ವಾಸ್ನೆ ಬರಲ್ವಾ?”

“ನನ್ ಮೂಗ್ನ ಗೇಟಾಗೆ ತೋರ್ಸಕ್ಕಾಯ್ತದೇನ್ಲಾ?” ಎಂದ ವ್ಯಾನಿನ ಮಾಲೀಕ ವೆಂಕಟೇಶಪ್ಪ. “ಮೀಟರ್ ಓಡ್ದೆ ಇರೋ ಗಾಡಿ ಒಳಕ್ ಬಿಡಲ್ಲ ಅಂತ ಕಂಪ್ನಿಯೋರು ಬರ್ದು ಅಂಟ್ಸವ್ರೆ. ಒಂದ್ ಗಂಟೆಗೆ ಅವಲಪಲ್ಲಿಯಾಗೆ ಎರಡ್ನೇ ಶಿಫ್ಟಿನೋರು ಕಾಯ್ತಿರ್ತಾರೆ. ಇವತ್ತೂ ಹೋಗ್ಲಿಲ್ಲ ಅಂದ್ರೆ ಕಂಟ್ರಾಕ್ಟ್ ಬೇರೆಯೋನ್ ಪಾಲು.”

ಬರೆದು ಅಂಟಿಸಿದವನು ಅಲ್ಲೇ, ಎಣ್ಣೆ ತಾಗದಷ್ಟು ದೂರದಲ್ಲಿ ನಿಂತಿದ್ದ. ಹೆಸರು ಕಿರಣ್‌ಕುಮಾರ್. ತುಮಕೂರಿನಿಂದ ಬಂದು ಹೊಸೂರಿನ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗ ಸೇರಿದವನು. ನೌಕರರ ವ್ಯಾನುಗಳ ತಪಾಸಣೆಯೂ ಅವನ ತಲೆಗೇ ಬಂದಿತ್ತು.

“ಸುಮ್ಮನೆ ಬಡಿದರೆ ಬರಲ್ಲ ತಿಮ್ಮರಾಯಪ್ಪ. ಮೊದಲು ಸಮಸ್ಯೆಯ ಬೇರು ಹುಡುಕಬೇಕು. ನಮ್ಮಲ್ಲಿ ವೈ-ವೈ ಅನಾಲಿಸಿಸ್ ಅಂತ ಮಾಡ್ತೀವಿ. ಐದು ಸಲ ಯಾಕೆ, ಯಾಕೆ ಅಂತ ಕೇಳಿದ್ರೆ ಎಂಥಾ ಸಮಸ್ಯೆನೂ ಬಾಯಿ ಬಿಡುತ್ತೆ.”

“ಬಾಯಿ ಬಿಡೋದ್ ಬ್ಯಾಡ ಸಾರ್, ಹೆಡ್ ಬಿಟ್ರೆ ಸಾಕು. ಕೇಳಿ.”

ಕಿರಣ್‌ಕುಮಾರ್ ಸ್ಟೂಲಿನ ಮೇಲೆ ಪೇಪರ್ ಹಾಸಿ ಕೂತು, ಐದು ಚೌಕಗಳಿದ್ದ ಹಾಳೆ ತೆಗೆದ.

“ಪ್ಲಗ್ ಯಾಕೆ ಬರ್ತಾ ಇಲ್ಲ?”

“ತುಕ್ಕು ಹಿಡ್ದೈತೆ.”

“ತುಕ್ಕು ಯಾಕೆ?”

“ನೀರ್ ನಿಂತಿತ್ತು.”

“ನೀರು ಯಾಕೆ ನಿಂತಿತ್ತು?”

“ಗುಜರಿಯಾಗ್ ಬಿದ್ದಿತ್ತಲ್ಲ ಸಾರ್. ಬಗ್ಸಿ ಚೆಲ್ಲಾಕೆ ಅಲ್ ಯಾರವ್ರೆ?”

“ಗುಜರಿಗೆ ಯಾಕೆ ಬಿತ್ತು?”

“ಯಾರ್ ಗಾಡೀದೋ, ಯಾವ್ ಮರಕ್ ಗುದ್ದಿದ್ರೋ. ಡ್ರೈವರ್ ಕುಡ್ದಿದ್ದ ಅಂತ ಬರ್ಕಳಿ.”

ಕಿರಣ್‌ಕುಮಾರ್ ಪೆನ್ನು ಎತ್ತಿಬಿಟ್ಟ. “ಹಾಗೆಲ್ಲ ಬರೆಯೋ ಹಾಗಿಲ್ಲ. ನಮ್ಮ ಸಿಸ್ಟಮ್‌ನಲ್ಲಿ ಯಾವ ಮನುಷ್ಯನ ಮೇಲೂ ತಪ್ಪು ಹೊರಿಸಬಾರದು.”

“ಹಂಗಾರೆ ಮರದ್ ಮ್ಯಾಲೆ ಹೊರ್ಸಿ ಸಾರ್,” ಎಂದ ವೆಂಕಟೇಶಪ್ಪ, ಗಡಿಯಾರ ನೋಡುತ್ತ. ಹನ್ನೊಂದೂವರೆ.

ಇಬ್ಬರೂ ಮರದ ವಿಚಾರದಲ್ಲಿ ಮಾತಿಗೆ ಮಾತು ಬೆಳೆಸುತ್ತಿರುವಾಗ ತಿಮ್ಮರಾಯಪ್ಪ ಬ್ಲೋ ಲ್ಯಾಂಪ್ ಹೊತ್ತಿಸಿ ಪ್ಲಗ್ಗಿನ ಸುತ್ತ ಚೆನ್ನಾಗಿ ಕಾಯಿಸಿದ. ಕರೆಂಟ್ ಹೋದಾಗ ಹಚ್ಚುವ ಮೇಣದಬತ್ತಿಯನ್ನು ತಂದು ಅಂಚಿಗೆ ಮುಟ್ಟಿಸಿದ. ಕರಗಿದ ಮೇಣ ಹೊಗೆಯಾಡುತ್ತ ಪ್ಲಗ್ಗಿನ ಥ್ರೆಡ್ಡಿನ ಸಂದಿಗೆ ಇಳಿಯಿತು. ಆಮೇಲೆ ಪೈಪ್ ಪಾನಾ ಹಾಕಿ, ಬಿಚ್ಚುವ ಬದಲು ಒಂದು ಕೂದಲೆಳೆಯಷ್ಟು ಬಿಗಿದ. ಕಿರ್ ಅಂದಿತು. ಆಗ ಉಲ್ಟಾ ತಿರುಗಿಸಿದ. ಕಾಲು ಸುತ್ತು, ಅರ್ಧ ಸುತ್ತು, ಕೊನೆಗೆ ಇಕ್ಕಳದ ತುದಿಯಲ್ಲಿ ಪ್ಲಗ್ ಹೊರಗೆ ಬಂತು.

“ತಗಳಿ ಸಾರ್,” ಎಂದು ಅದನ್ನು ಕಿರಣ್‌ಕುಮಾರನ ಕಾಲ ಹತ್ತಿರ ಹಾಕಿದ.

ಅವನು ಹಾಳೆಯಿಂದ ಕಣ್ಣು ಕೀಳದೆ ಕೈ ಅಡ್ಡ ಹಿಡಿದ. “ಒಂದು ನಿಮಿಷ. ಐದನೇದು ಇನ್ನೂ ಆಗಿಲ್ಲ.”

ಸೆನ್ಸರ್ ಕೂತಿತು, ಮೀಟರಿನ ಮುಳ್ಳು ಎದ್ದಿತು. ವೆಂಕಟೇಶಪ್ಪ ಸೀಟಿಗೆ ಹತ್ತಿದ. ಆದರೆ ರಿಪೋರ್ಟ್ ಮುಗಿಯದೆ ಗಾಡಿ ಗೇಟಿಗೆ ಬರುವ ಹಾಗಿರಲಿಲ್ಲ. ಕಿರಣ್‌ಕುಮಾರ್ ಐದನೇ ಚೌಕದಲ್ಲಿ ಬರೆದ: ‘ಮೆಕ್ಯಾನಿಕ್‌ಗೆ ತರಬೇತಿಯ ಕೊರತೆ.’ ಅವರ ಕಾರ್ಖಾನೆಯಲ್ಲಿ ಕ್ಯಾಂಟೀನಿನ ಸಾಂಬಾರಿಗೆ ಉಪ್ಪು ಕಡಿಮೆಯಾದರೂ, ಮೀಟಿಂಗ್ ಹಾಲಿನ ಫ್ಯಾನ್ ಕೆಟ್ಟರೂ ಐದನೇ ಚೌಕಕ್ಕೆ ಬರುವ ಹೊತ್ತಿಗೆ ಉತ್ತರ ಇದೇ ಆಗಿರುತ್ತಿತ್ತು. ಇದರಿಂದ ಯಾವ ಮ್ಯಾನೇಜರಿಗೂ ನೋವಾಗುತ್ತಿರಲಿಲ್ಲ.

“ಮನ್ಸನ್ ಮ್ಯಾಲೆ ಹೊರ್ಸಲ್ಲ ಅಂದ್ರಲ್ಲ ಸಾರ್,” ಎಂದ ತಿಮ್ಮರಾಯಪ್ಪ.

“ಇದು ತಪ್ಪಲ್ಲ, ಕೊರತೆ. ಪರಿಹಾರವೂ ಬರೆದಿದ್ದೀನಿ. ಇವತ್ತೇ ಸ್ಥಳದಲ್ಲೇ ತರಬೇತಿ ಕೊಡಲಾಯಿತು. ಕೊಟ್ಟವರು ನಾನು, ತಗೊಂಡವರು ನೀವು. ಕಲಿಸಿದ ವಿಧಾನ ಅಂತ ಒಂದು ಕಾಲಂ ಇದೆ, ಅದಷ್ಟೇ ಬಾಕಿ. ಹೇಗೆ ತೆಗೆದ್ರಿ?”

ತಿಮ್ಮರಾಯಪ್ಪ ಹೇಳುತ್ತ ಹೋದ, ಕಿರಣ್‌ಕುಮಾರ್ ಬರೆದುಕೊಳ್ಳುತ್ತ ಹೋದ. ಮೇಣದಬತ್ತಿಯ ಹತ್ತಿರ ಬಂದಾಗ ಮಾತ್ರ ಪೆನ್ನು ನಿಂತಿತು. “ಇದನ್ನ ಆಡಿಟರ್ ಒಪ್ಪಲ್ಲ. ವ್ಯಾಕ್ಸ್ ಲೂಬ್ರಿಕೇಷನ್ ಅಂತ ಹಾಕ್ತೀನಿ.”

“ನಾನ್ ಯೋಳ್ಕೊಟ್ಟು, ನಾನೇ ಕಲ್ತಂಗಾಯ್ತಲ್ಲ ಸಾರ್.”

“ಸೈನ್ ಹಾಕ್ಬುಡ್ಲಾ ತಿಮ್ಮ,” ಎಂದು ವೆಂಕಟೇಶಪ್ಪ ಸ್ಟೀರಿಂಗಿನಿಂದಲೇ ಕೈ ಮುಗಿದ. “ಸೈನ್ ಹಾಕಿದ್ರೆ ಯಾರೂ ಕಾಲೇಜಿಗ್ ಕಳ್ಸಲ್ಲ ನಿನ್ನ. ಹನ್ನೆರಡೂವರೆ ಆಗೋಯ್ತು.”

ತಿಮ್ಮರಾಯಪ್ಪ ಕೈಯನ್ನು ಬನಿಯನ್ನಿಗೆ ಒರೆಸಿ, ಸ್ಕೂಲಿನಲ್ಲಿ ಕಲಿತಿದ್ದ ತಮಿಳಿನಲ್ಲಿ ಹೆಸರು ಬರೆದ. ವ್ಯಾನು ಅವಲಪಲ್ಲಿಯ ಕಡೆಗೆ ಹಾರಿತು. ಆಮೇಲೆ ಅವನ ಕಣ್ಣು ಸಹಿಯ ಮೇಲಿದ್ದ ಎರಡು ಅಂಕಿಗಳ ಮೇಲೆ ಬಿತ್ತು.

“ಇದೇನ್ ಸಾರ್?”

“ಮಾರ್ಕ್ಸು. ತರಬೇತಿಗೆ ಮುಂಚೆ ಹತ್ತಕ್ಕೆ ಎರಡು, ಆದ್ಮೇಲೆ ಹತ್ತಕ್ಕೆ ಎಂಟು.”

ತಿಮ್ಮರಾಯಪ್ಪ ಎರಡನೇ ಅಂಕಿಯ ಮೇಲೆ ಬೆರಳಿಟ್ಟ. “ಮುಂಚೆ ಎರಡ್ ಕೊಟ್ಟಿದ್ಕೆ ಏನೂ ಅನ್ನಲ್ಲ ಸಾರ್. ಪ್ಲಗ್ ಪೂರ್ತಿ ಈಚೆಗ್ ಬಂತಲ್ಲ, ಆಮೇಲಿಂದು ಎರಡ್ ಯಾಕ್ ಕಡ್ಮೆ?”

ಕಿರಣ್‌ಕುಮಾರ್ ಪೆನ್ನಿಗೆ ಮುಚ್ಚಳ ಹಾಕಿದ.

“ಹತ್ತಕ್ಕೆ ಹತ್ತು ಕೊಟ್ಟುಬಿಟ್ರೆ ಮುಂದಿನ ವರ್ಷ ನಾನು ನಿಮಗೆ ಏನು ಕಲಿಸ್ಲಿ?”