ಎರಡನೆಯ ಚುಕ್ಕಿ

ಲೋಕದ ಮೊದಮೊದಲ ನಕ್ಷತ್ರಗಳಲ್ಲಿ ಯಾವುದು ಸತ್ತು ತಂತಮ್ಮ ನೆತ್ತರಿಗೆ ಕಬ್ಬಿಣ ಕೊಟ್ಟಿತೆಂದು ಸಂಡೂರಿನಲ್ಲಿ ಎಲ್ಲರಿಗೂ ಗೊತ್ತು. ತನ್ನ ಆ ಚುಕ್ಕಿಯ ಹೆಸರು ಹೇಳದೆ ಅಲ್ಲಿ ಯಾರೂ ಮೊದಲ ತುತ್ತು ಉಣ್ಣುವುದಿಲ್ಲ.

ಹೆರಿಗೆಯಲ್ಲಿ ಸತ್ತು ಬದುಕಿದ ಹುಲಿಗೆಮ್ಮ ಬಾಣಂತಿ ಊಟಕ್ಕೆ ಕೂತು, ಎಂದಿನಂತೆ "ಹಿರೇಚುಕ್ಕಿ" ಎಂದು ತುತ್ತೆತ್ತಿದಳು. ಅತ್ತೆ ಕೈ ಹಿಡಿದಳು.

"ನಿಂದೊಂದೇ ಹೇಳಿದ್ರ ಹೆಂಗವ್ವಾ? ಈಗ ನಿನ್ನ ಮೈಯಾಗ ಹುಸೇನಪ್ಪನ ರಕ್ತಾನೂ ಐತಲ್ಲ!"

ಹುಲಿಗೆಮ್ಮನಿಗೆ ನಾಚಿಕೆಯಾಯಿತು. ಅಂದು ಆಸ್ಪತ್ರೆಗೆ ಓಡಿಬಂದು ರಕ್ತ ಕೊಟ್ಟಿದ್ದ ಲಾರಿ ಡ್ರೈವರ್ ಹುಸೇನಪ್ಪ, ಕೂಸನ್ನು ನೋಡಲು ಬಂದು ಪಡಸಾಲೆಯಲ್ಲೇ ಕೂತಿದ್ದ.

"ಅಣ್ಣಾ, ನಿನ್ನ ಚುಕ್ಕಿ ಯಾವುದು?"

"ಕೆಂಪಿ."

"ಹಿರೇಚುಕ್ಕಿ, ಕೆಂಪಿ," ಎಂದವಳೇ ಕಣ್ಣು ತುಂಬಿಕೊಂಡು ಅವನಿಗೂ ಕೈಮುಗಿದಳು.

ಹುಸೇನಪ್ಪ ಗಾಬರಿಯಿಂದ ಎದ್ದು ನಿಂತ.

"ನಂಗ್ಯಾಕ ಕೈ ಮುಗೀತಿ ತಂಗೀ? ನಾನೂ ಇಸ್ಕೊಂಡಿದ್ದನ್ನೇ ಕೊಟ್ಟೀನಿ."