ತೊಟ್ಟಿಲೇರಿದ ಗುಂಡಕಲ್ಲು

“ಖಾಲಿ ತೊಟ್ಲಾ ತೂಗಬಾರದು,” ಎಂದು ರೇವವ್ವ ಮಗಳ ಕೈ ಹಿಡಿದಳು.

ಅಮೃತಾ ತೂಗುತ್ತಿರಲಿಲ್ಲ. ಧೂಳು ಒರೆಸುವಾಗ ಕಲಘಟಗಿಯ ಬಣ್ಣದ ತೊಟ್ಟಿಲು ಅಲುಗಿತ್ತು. ಏಳನೇ ತಿಂಗಳಿಗೇ ಹುಟ್ಟಿದ ಅವಳ ಕೂಸು ಒಂಬತ್ತು ದಿನದಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ನೋಡಲು ಬಿಡುವುದು ಸಂಜೆ ನಾಲ್ಕಕ್ಕೆ.

ಅವಳು ಎದ್ದು, ಖಾರ ಅರೆಯುವ ಗುಂಡಕಲ್ಲನ್ನು ತೊಳೆದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ತೊಟ್ಟಿಲಲ್ಲಿಟ್ಟಳು. ತೂಗತೊಡಗಿದಳು.

“ಗುಂಡಕಲ್ಲು ಹೆಸರಿಡೂ ದಿನಾ ತೊಟ್ಲದಾಗ ಇಡೂದಲ್ಲೇನ, ಕೂಸಿನಕಿಂತ ಮೊದಲ?”

“ಹೌದು ಬೇ. ಆ ದಿನಾ ಬರತೈತಿ. ಅಲ್ಲೀತನಾ ನನ್ನ ಕೈಗೆ ರೂಢಿ ಆಗ್ಲಿ.”

ರೇವವ್ವ ಕಲ್ಲನ್ನೇ ನೋಡಿದಳು. ಆಮೇಲೆ ಟ್ರಂಕಿನಿಂದ, ಕೂಸಿನ ತಲೆಗೆಂದು ಹೊಲಿದಿಟ್ಟಿದ್ದ ಹೊಸ ಕುಲಾವಿ ತಂದು ಅದಕ್ಕೆ ತೊಡಿಸಿದಳು.

“ಸಾವಕಾಶ ತೂಗು. ಎಚ್ಚರಾಗತೈತಿ.”