ಬಾಯವ್ವನ ಒಂದು ಮತ

"ಯಾರಿಗೆ ಹಾಕ್ತೀರಿ, ಹೆಸರ ಹೇಳ್ರಿ," ಎಂದ ಕಾರಕೂನ.

ಬಾಯವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಸವದತ್ತಿಯ ಚಾವಡಿಯಲ್ಲಿ ಮುಂಬೈ ಕೌನ್ಸಿಲ್ಲಿನ ಚುನಾವಣೆ ನಡೆದಿತ್ತು. ಸಾವಿರದ ಒಂಬೈನೂರ ಇಪ್ಪತ್ಮೂರು. ಹೆಂಗಸರೂ ಮತ ಹಾಕಬಹುದೆಂದು ಒಪ್ಪಿದ ಮೇಲೆ ಇದೇ ಮೊದಲು. ಹೂಲಿಯಲ್ಲಿ ಅಪ್ಪ ಬರೆದುಕೊಟ್ಟ ಹೊಲ ಬಾಯವ್ವನ ಹೆಸರಿನಲ್ಲಿತ್ತು; ಹೊಲದ ಕಂದಾಯ ಕಟ್ಟುವವರಿಗೆ ಮತ, ಆದ್ದರಿಂದ ಅವಳಿಗೂ ಬಂತು. ಸವತಿ ರಾಯವ್ವನಿಗೆ ಬರಲಿಲ್ಲ. ಇದು ತಿಳಿದಾಗಿನಿಂದ ಬಾಯವ್ವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಗಂಡ ಮಲಕಾಜಪ್ಪಗೌಡ ಮೂರು ವರ್ಷ ಕೌನ್ಸಿಲ್ ಮೆಂಬರಾಗಿದ್ದವನು. ಸಭೆ ಕೂಡಿದಾಗಲೆಲ್ಲ ರಾಯವ್ವನನ್ನು ಕರೆದುಕೊಂಡು ಮುಂಬೈಗೆ ಹೋದ. ಅವಳು ಸಮುದ್ರ ನೋಡಿದಳು, ಗಂಡನ ಪಕ್ಕ ಕುರ್ಚಿಯಲ್ಲಿ ಕುಳಿತು ಫೋಟೋ ತೆಗೆಸಿಕೊಂಡಳು. ಇಲ್ಲಿ ಬಾಯವ್ವ ಹತ್ತಿ ಬಿಡಿಸಿದಳು, ಜೋಳದ ರಾಶಿ ಮಾಡಿಸಿದಳು. ಆ ಫೋಟೋ ಪಡಸಾಲೆಯ ಗೋಡೆ ಏರಿದ ದಿನ ಅವಳ ಹೊಟ್ಟೆಯಲ್ಲಿ ಹತ್ತಿದ ಉರಿ ಇನ್ನೂ ಆರಿರಲಿಲ್ಲ. ಆದರೂ ಸುಳ್ಳೇಕೆ ಹೇಳಬೇಕು, ಅವಳು ಬಂದದ್ದು ಗಂಡನಿಗೇ ಮತ ಹಾಕಲೆಂದು. ಬೈಲಹೊಂಗಲದ ಪರಸಪ್ಪ ಈ ಸಲ ಎದುರಿಗೆ ಗಟ್ಟಿಯಾಗಿ ನಿಂತಿದ್ದ. ಒಂದೊಂದು ಮತಕ್ಕೂ ಮನೆಮನೆಗೆ ಅಲೆಯುತ್ತಿದ್ದ ಗೌಡ ಬೆಳಿಗ್ಗೆ ಅಡಿಗೆಮನೆಯ ಬಾಗಿಲಿಗೂ ಬಂದು, "ನನ್ನ ಮಾನ ನಿನ್ನ ಕೈಯಾಗ ಐತಿ," ಅಂದಿದ್ದ. ಎಷ್ಟೋ ದಿನಕ್ಕೆ ಅವನು ಆಡಿದ ಮೆತ್ತನೆಯ ಮಾತು ಅದು.

"ನಮ್ಮ ಮನಿಯವರಿಗೆ," ಎಂದಳು ಬಾಯವ್ವ, ಕೆಳದನಿಯಲ್ಲಿ.

ಬೆಂಚಿನ ಮೇಲಿದ್ದ ಪರಸಪ್ಪನ ಕಡೆಯವನು ಎದ್ದೇಬಿಟ್ಟ. "ಹಂಗ ನಡಿಯಂಗಿಲ್ರಿ ಸಾಹೇಬ್ರ. ಓದಾಕ ಬರದವರು ಹೆಸರ ಬಾಯಿಲೆ ಹೇಳಬೇಕು."

"ಖರೆ ಐತ್ರಿ ಅವ್ವಾರ," ಎಂದ ಕಾರಕೂನ. "ನೀವು ಹೇಳಬೇಕು, ನಾ ಗುರುತ ಹಾಕಬೇಕು."

ಗಂಡನ ಹೆಸರು ಹೇಳುವುದು ಹೇಗೆ? ಮದುವೆಯ ಆರತಿಯಲ್ಲಾದರೆ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಬಹುದಿತ್ತು. ಚಾವಡಿಯಲ್ಲಿ, ಪರಗಂಡಸರ ಮುಂದೆ, ಒಡಪು ಹಾಕುವುದುಂಟೇ? ಅವಳ ಪಾಡು ನೋಡಲಾರದೆ ಕಾರಕೂನನೇ ಹಾದಿ ತೋರಿಸಿದ.

"ಹೋಗ್ಲಿ, ಮಗನ ಹೆಸರ ಹಿಡಿದು ಹೇಳ್ರಿ. ಇಂಥವನ ಅಪ್ಪ ಅಂದ್ರೂ ನಡೀತೈತಿ."

ಪರಸಪ್ಪನ ಕಡೆಯವನೂ ಅದಕ್ಕೆ ಒಪ್ಪಿದ. ಗೌಡನ ಕಡೆಯವನಂತೂ ಗೆದ್ದೇಬಿಟ್ಟವನ ಹಾಗೆ ಮುಂದೆ ಬಾಗಿ, "ಗಂಗಪ್ಪನ ಅಪ್ಪ ಅನ್ರಿ ಎವ್ವಾ, ಗಂಗಪ್ಪನ ಅಪ್ಪ," ಎಂದು ಪಿಸುಗುಟ್ಟಿದ.

ಗಂಗಪ್ಪ ರಾಯವ್ವನ ಎರಡು ವರ್ಷದ ಕೂಸು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಬಾಯವ್ವನ ತೊಟ್ಟಿಲು ತೂಗಿರಲಿಲ್ಲ. ಅದು ಕಾರಕೂನನಿಗೆ ಗೊತ್ತಿರಲಿಲ್ಲ. ಗೌಡನ ಕಡೆಯವನಿಗೆ ಗೊತ್ತಿತ್ತು, ನೆನಪಾಗಲಿಲ್ಲ. ಬಾಯವ್ವ ಸೆರಗನ್ನು ಹಿಂದಕ್ಕೆ ಸರಿಸಿ, ಚಾವಡಿಗೆಲ್ಲ ಕೇಳುವ ಹಾಗೆ ಅಂದಳು:

"ಪರಸಪ್ಪಗ."

ಹೊರಗೆ ಬಂಡಿಯ ಹತ್ತಿರ ನಿಂತಿದ್ದ ಗೌಡನಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಮುಖ ಕೆಂಡವಾಗಿತ್ತು.

"ನನ್ನ ಹೆಸರ ಹೇಳಬಾರದು, ಖರೆ. ಆ ಕೂಸಿನ ಹೆಸರ ಹೇಳಾಕ ನಿನಗೇನ ಧಾಡಿ ಆಗಿತ್ತ?"

ಬಾಯವ್ವ ಬಂಡಿ ಹತ್ತಿ, ಸೀರೆಯ ನಿರಿಗೆ ಸರಿಮಾಡಿಕೊಂಡು ಕುಳಿತಳು.

"ನಮ್ಮಪ್ಪ ಕೊಟ್ಟ ಹೊಲಾ ಹೆಂಗೂ ನಾಳೆ ಅವನಿಗೇ ಹೋಗತೈತಿ. ಮತಾನೂ ಅವನ ಹೆಸರಿಗೇ ಬರಸಲೇನ್ರಿ?"